ದೇವರ ದನಿ ಬಾಡಿಗೆಗೆ

ಫೆಬ್ರವರಿ 3, ಸೋಮವಾರ

ಈ ಮನೆಯಲ್ಲಿ ಯಾರನ್ನೂ ಬಾಯಿಬಿಟ್ಟು ಬೈಯುವಂತಿಲ್ಲ. ಅಕ್ಕನ ಮನೆ, ಅಕ್ಕನ ಕಾನೂನು. ಬೈಗುಳ ಒಳಗೇ ಉಳಿದರೆ ಗಂಟಲು ಕೆಡುತ್ತದೆ, ನನ್ನ ಹೊಟ್ಟೆಪಾಡೋ ಗಂಟಲಿನದು. ಅದಕ್ಕೇ ಇಂದಿನಿಂದ ಬರೆಯುವುದು ಎಂದುಕೊಂಡಿದ್ದೇನೆ.

ಹೊಟ್ಟೆಪಾಡು ಗಂಟಲಿನದಾಗಿತ್ತು ಎನ್ನಬೇಕು. ಸಾಬೂನು, ಸಿಮೆಂಟು, ಕೆಮ್ಮಿನ ಔಷಧಿ ಎಲ್ಲವನ್ನೂ ಹೊಗಳಿದ ದನಿ ನನ್ನದು. ಬ್ಯಾಂಕಿಗೆ ಫೋನು ಮಾಡಿದವರನ್ನು 'ದಯವಿಟ್ಟು ಕಾಯಿರಿ' ಎಂದು ಮುಪ್ಪಾಗುವವರೆಗೆ ಕಾಯಿಸಿದವನೂ ನಾನೇ. ಕಳೆದ ವರ್ಷ ಕಂಪನಿಯವರು ನನ್ನನ್ನು ಒಂದು ಕೋಣೆಯಲ್ಲಿ ಕೂರಿಸಿ ತಲೆಬುಡವಿಲ್ಲದ ವಾಕ್ಯಗಳನ್ನು ವಾರಗಟ್ಟಲೆ ಓದಿಸಿದರು. ಬಡ್ತಿ ಬರುತ್ತದೆಂದು ನಾನೂ ಬಾಯಿ ತುಂಬ ಓದಿದೆ. ಈಗ ಅವರ ಯಂತ್ರ ನನ್ನ ದನಿಯಲ್ಲಿ ಏನನ್ನು ಬೇಕಾದರೂ ಹೇಳುತ್ತದೆ. ನನ್ನ ದನಿಗೆ ಕೈತುಂಬ ಕೆಲಸ, ನನಗಿಲ್ಲ. ಹೆಂಡತಿ ನನ್ನ ದನಿಯನ್ನು ಸಾಕಷ್ಟು ಕೇಳಿಯಾಯಿತೆಂದು ಮೊದಲೇ ಹೊರಟುಹೋಗಿದ್ದಳು. ಹೀಗೆ ಅಕ್ಕನ ಹಿಂಬದಿಯ ಕೋಣೆಗೆ ಬಂದು ಬಿದ್ದಿದ್ದೇನೆ.

ಇವತ್ತು ಅಕ್ಕ ಚರ್ಚಿನ ಸಭೆಯಿಂದ ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು.

"ನಿನಗೊಂದು ಕೆಲಸ ನೋಡಿದೀನಿ ಕಣೋ."

"ಏನು ಕೆಲಸ?"

"ದೇವರು."

ಚರ್ಚಿನ ನೂರನೇ ವರ್ಷಕ್ಕೆ ಸೃಷ್ಟಿಯ ನಾಟಕ ಆಡುತ್ತಾರಂತೆ. ದೇವರು ರಂಗದ ಮೇಲೆ ಬರುವುದಿಲ್ಲ, ದನಿ ಮಾತ್ರ. ಆ ದನಿಗೆ ಮೂವರು ಹಿರಿಯರ ಪೈಪೋಟಿ. ಯಾರನ್ನು ಆರಿಸಿದರೂ ಉಳಿದಿಬ್ಬರು ಸಭೆ ಒಡೆಯುತ್ತಾರೆ. ಹೀಗಿರುವಾಗ ದೇವರನ್ನೇ ನಂಬದ ಒಬ್ಬನಿಗೆ ಕೊಟ್ಟರೆ ಯಾರಿಗೂ ಹೊಟ್ಟೆಕಿಚ್ಚಾಗದು ಎಂದು ಪಾದ್ರಿಗೆ ಹೊಳೆದಿದೆ. ಬುದ್ಧಿವಂತ. ಒಪ್ಪಿಕೊಂಡೆ. ಕೆಮ್ಮಿನ ಔಷಧಿಯನ್ನೂ ನಾನೇನು ನಂಬಿರಲಿಲ್ಲ.

ಫೆಬ್ರವರಿ 6, ಗುರುವಾರ

ಮೊದಲ ತಾಲೀಮು. ಚರ್ಚಿನ ಪಕ್ಕದ ಉದ್ದನೆಯ ಹಾಲ್, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಒಂದು ಕಾಲು ಮುರಿದ ಪಿಯಾನೋ.

ಸಂಭ್ರಮ ಸಮಿತಿಯ ಅಧ್ಯಕ್ಷರಿಗೆ ಪೇಟೆಯಲ್ಲಿ ವಿದ್ಯುತ್ ದೀಪಗಳ ದೊಡ್ಡ ಅಂಗಡಿ. ಅವರಿಗೆ ನಾನು ಬಲ್ಬಿನ ಸಾಹುಕಾರರೆಂದು ಹೆಸರಿಟ್ಟಿದ್ದೇನೆ. ನಾಟಕ ಬರೆದವರೂ ಅವರೇ, ದೀಪ ಕೊಡುವವರೂ ಅವರೇ. ನಾನು 'ಬೆಳಕಾಗಲಿ' ಎಂದೊಡನೆ ಅಂಗಡಿಯ ಅಷ್ಟೂ ದೀಪಗಳು ಹೊತ್ತಿಕೊಂಡು, ಹಿಂದೆ ಅಂಗಡಿಯ ಹೆಸರಿನ ಬ್ಯಾನರ್ ಝಗಮಗಿಸಬೇಕು. ಜಗತ್ತಿನಲ್ಲಿ ದೇವರು ಕಂಡ ಮೊದಲ ವಸ್ತು ಜಾಹೀರಾತು.

ಸೂರ್ಯ ಹುಟ್ಟುವುದು ನಾಲ್ಕನೇ ದಿನ, ಬೆಳಕು ಮೊದಲನೇ ದಿನವೇ ಬಂತಲ್ಲ, ಎಲ್ಲಿಂದ ಎಂದು ಕೇಳಿದೆ. ಪಾದ್ರಿಯನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ನನ್ನ ಆಸೆ. ಬಾಯಿ ಹಾಕಿದವರು ಸಾಹುಕಾರರು.

"ಅದೇ ವಿಶೇಷ ನೋಡಿ. ಸೂರ್ಯ ಇಲ್ದೇನೇ ಬೆಳಕು. ನಮ್ಮ ವ್ಯಾಪಾರಕ್ಕೆ ಬೈಬಲ್ಲಿನ ಮೊದಲ ಪುಟದಲ್ಲೇ ಆಧಾರ ಇದೆ."

ಕತ್ತಲೆಯ ಪಾತ್ರಕ್ಕೆ ಬಸ್ಸಿನ ಕಂಡಕ್ಟರ್ ಹುಡುಗಿಯೊಬ್ಬಳನ್ನು ಹಿಡಿದಿದ್ದಾರೆ. ಗಾಯನ ತಂಡದಲ್ಲಿ ಎಲ್ಲರಿಗಿಂತ ತುಂಬಿದ ಕಂಠ ಅವಳದು. ಆದರೆ ಕತ್ತಲೆಗೆ ಹಾಡೂ ಇಲ್ಲ, ಮಾತೂ ಇಲ್ಲ. ಕರಿಯ ಬಟ್ಟೆ ಹೊದ್ದು ನಿಲ್ಲಬೇಕು. ನಾನು 'ಕತ್ತಲೆಯೇ, ತೊಲಗು' ಎಂದು ಗುಡುಗಬೇಕು. ಬಿಳಿ ಬಟ್ಟೆಯ ಮಕ್ಕಳು ಕೈಯಲ್ಲಿ ಟಾರ್ಚು ಹಿಡಿದು, ಕೇಕೆ ಹಾಕುತ್ತ ಅವಳನ್ನು ಅಟ್ಟಬೇಕು.

"ಇವಳಾದ್ರೆ ಮೇಕಪ್ ಬೇಕಾಗಿಲ್ಲ," ಎಂದರು ಸಾಹುಕಾರರು.

ಎಲ್ಲರೂ ನಕ್ಕರು. ಪಾದ್ರಿ ಚಾವಣಿಯ ಫ್ಯಾನು ನೋಡಿದರು. ಹುಡುಗಿಯೂ ನಕ್ಕಳು. ನಾನೂ ನಕ್ಕೆ.

ಫೆಬ್ರವರಿ 9, ಭಾನುವಾರ

ಅಕ್ಕನಿಗೆ ಹೊಸ ಖಯಾಲಿ. ನಾನು ನಾಟಕದ ಮಾತು ಕಲಿಯುವ ನೆಪದಲ್ಲಿ ಬೈಬಲ್ಲನ್ನು ಅವಳಿಗೆ ಜೋರಾಗಿ ಓದಿ ಹೇಳಬೇಕಂತೆ. ಸಣ್ಣ ಅಕ್ಷರ, ತಾನೇ ಓದಲು ಬೇಸರವಂತೆ. ಜೀವಮಾನವಿಡೀ ಹೆರಿಗೆ ವಾರ್ಡಿನ ನರ್ಸಾಗಿ ಎಲ್ಲರಿಂದ ಕೆಲಸ ತೆಗೆದು ಅಭ್ಯಾಸ. ಬಿಟ್ಟಿ ಅನ್ನ ತಿನ್ನುವವನು ಇಲ್ಲವೆನ್ನಲಾದೀತೇ? ಆದಿಕಾಂಡದ ಮೊದಲ ಅಧ್ಯಾಯ ಓದಿದೆ.

ಓದಿ ಮುಗಿಸಿದ ಮೇಲೆ ಕೇಳಿದಳು, "ತೊಲಗು ಅನ್ನೋದು ಎಲ್ಲಿ ಬಂತು?"

ಹಿಂದಕ್ಕೆ ತಿರುವಿ ನೋಡಿದೆ. ಇಲ್ಲ. ದೇವರು ಬೆಳಕನ್ನು ಕತ್ತಲೆಯಿಂದ ಬೇರೆ ಮಾಡುತ್ತಾನೆ. ಒಂದಕ್ಕೆ ಹಗಲೆಂದೂ ಇನ್ನೊಂದಕ್ಕೆ ರಾತ್ರಿಯೆಂದೂ ಹೆಸರಿಡುತ್ತಾನೆ. ಅಷ್ಟೇ. ಗುಡುಗೂ ಇಲ್ಲ, ಟಾರ್ಚೂ ಇಲ್ಲ.

"ದೇವರು ಮರೆತಿದ್ದನ್ನ ಸಾಹುಕಾರರು ತುಂಬಿಸಿದಾರೆ," ಎಂದೆ.

"ಹೆರಿಗೆ ಮಾಡಿಸಿದೋಳು ನಾನು," ಎಂದಳು. "ಒಂಬತ್ತು ತಿಂಗಳು ಕತ್ತಲೇಲಿ ಸುಖವಾಗಿರ್ತಾವೆ. ಬೆಳಕಿಗೆ ಬಂದ ಕೂಡ್ಲೇ ಅಳೋಕೆ ಶುರು. ನಗ್ತಾ ಬಂದಿದ್ದು ಒಂದನ್ನೂ ಕಾಣ್ಲಿಲ್ಲ."

ಆಮೇಲೆ ಚಹಾ ಬಗ್ಗಿಸಿದಳು. ಅರ್ಧ ಲೋಟಕ್ಕೆ, ಅರ್ಧ ಮೇಜಿಗೆ. "ಮಾತಾಡ್ತಾ ಬಗ್ಗಿಸ್ಬೇಡ," ಎಂದು ರೇಗಿದೆ. ಮೇಜು ಒರೆಸಿದ್ದೂ ನಾನೇ.

ಫೆಬ್ರವರಿ 14, ಶುಕ್ರವಾರ

ಅಕ್ಕ ಚರ್ಚಿನ ಗೇಟಿನ ಬಳಿ ಮೆಟ್ಟಿಲು ತಪ್ಪಿ ಬಿದ್ದಳು. ಮೊಣಕೈ ತರಚಿದೆ. ಎತ್ತಲು ಹೋದ ನನಗೆ "ಯಾರು?" ಎಂದಳು. ನಾನು ಅವಳ ಎಡಕ್ಕೆ ನಿಂತಿದ್ದೆ, ಒಂದು ಕೈಯಳತೆಯಲ್ಲಿ.

ಫೆಬ್ರವರಿ 15, ಶನಿವಾರ

ಕಣ್ಣಿನ ಆಸ್ಪತ್ರೆ. ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಒಣಗುತ್ತ ಹೋಗುವ ಕಾಯಿಲೆ. ಎಡಗಣ್ಣು ಹೋಗಿ ಬಹಳ ಕಾಲವಾಗಿದೆ. ಬಲಗಣ್ಣಿನಲ್ಲಿ ಕೊಳವೆಯೊಳಗಿಂದ ಇಣುಕಿದಷ್ಟು ಉಳಿದಿದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಲು ಆಪರೇಷನ್ ಮಾಡಬಹುದು, ಆದರೆ ಅದರಿಂದಲೇ ಅಷ್ಟೂ ಹೋಗಿಬಿಡುವ ಅಪಾಯವೂ ಇದೆ ಎಂದರು ಡಾಕ್ಟರಮ್ಮ.

"ನರ್ಸಾಗಿದ್ದೋಳು ನೀನು. ಗೊತ್ತಾಗ್ಲಿಲ್ವಾ?" ಎಂದು ದಾರಿಯಲ್ಲಿ ಕೇಳಿದೆ.

"ಗೊತ್ತಾಗಿತ್ತು. ಔಷಧಿ ಹಾಕ್ತಿದ್ದೆ, ಕಣ್ಣಿಗೆ ಒಗ್ತಿರ್ಲಿಲ್ಲ, ಬಿಟ್ಟೆ. ಆಮೇಲೆ ನೀನು ಬಂದೆ, ಹಾಳು ಮುಖ ಹೊತ್ಕೊಂಡು. ನಿನ್ನದನ್ನ ನೋಡೋದೋ ನನ್ನದನ್ನ ನೋಡೋದೋ?"

ಸಂಜೆ ಪಾದ್ರಿ ಬಂದರು. ಒಳ್ಳೆಯ ಮನುಷ್ಯ. ಆದರೆ ಸಂಕಟದ ಮನೆಗೆ ಬರುವಾಗ ಜೇಬಿನಲ್ಲಿ ಸಿದ್ಧ ಮಾತುಗಳನ್ನು ಹಾಕಿಕೊಂಡು ಬರುತ್ತಾರೆ. ದೇವರು ತನಗೆ ಪ್ರಿಯರಾದವರನ್ನೇ ಪರೀಕ್ಷಿಸುತ್ತಾನೆ ಎಂದರು.

"ಪರೀಕ್ಷೆ ಬರೆದೂ ಬರೆದೂ ಕಣ್ಣು ಹೋಯ್ತು ಪಾದ್ರಿಗಳೇ," ಎಂದಳು ಅಕ್ಕ. "ಚಹಾ ಕುಡೀರಿ."

ಒಂದೇ ಮಾತಿಗೆ ಇಡೀ ಬೆಳಕನ್ನು ತಂದವನಿಗೆ ಒಂದು ನರ ಭಾರವಾಯಿತು. ನಂಬದ ದೇವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಮೂರ್ಖತನ, ಗೊತ್ತು. ಆದರೂ ಇವತ್ತು ಊಟ ಸೇರಲಿಲ್ಲ.

ಫೆಬ್ರವರಿ 20, ಗುರುವಾರ

ಅಕ್ಕ ಬೈಬಲ್ಲಿನ ಯೋಬನ ಪುಸ್ತಕ ಓದಿಸಿದಳು. ಒಳ್ಳೆಯ ಮನುಷ್ಯ, ಮನೆಮಠ ಮಕ್ಕಳನ್ನು ಕಳೆದುಕೊಂಡು, ಮೈಯೆಲ್ಲ ಹುಣ್ಣಾಗಿ, ಬೂದಿಯಲ್ಲಿ ಕೂತು ಯಾಕೆ ಹೀಗೆ ಎಂದು ಕೇಳುತ್ತಾನೆ. ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಈಗ ಉತ್ತರ ಸಿಕ್ಕೀತೆಂದು ನಾನು ಆಸೆಯಿಂದ ಪುಟ ತಿರುಗಿಸಿದರೆ ಬರೀ ಪ್ರಶ್ನೆಗಳು. ನಾನು ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ? ಬೆಳಕಿನ ಮನೆಗೆ ದಾರಿ ಯಾವುದು? ಕತ್ತಲೆ ಇರುವ ಜಾಗ ಎಲ್ಲಿ? ಗೊತ್ತಿದ್ದರೆ ಹೇಳು.

"ಇದು ಬ್ಯಾಂಕಿನ ಫೋನಿನ ಥರ ಆಯ್ತು," ಎಂದೆ. "ದೂರು ಕೊಡೋಕೆ ಫೋನ್ ಮಾಡಿದವನಿಗೆ ನಿನ್ನ ಹುಟ್ಟಿದ ದಿನ ಯಾವುದು, ನಿನ್ನ ತಾಯಿ ಹೆಸರೇನು ಅಂತ ಕೇಳೋದು. ನಾನೇ ಕೇಳಿದೀನಲ್ಲ."

ಅಕ್ಕ ನಕ್ಕಳು. ಆಮೇಲೆ ಹೇಳಿದಳು, "ಉತ್ತರ ಕೊಡ್ಲಿಲ್ಲ, ಸರಿ. ಬಂದು ಮಾತಾಡಿದನಲ್ಲ. ಅವನನ್ನ ನೋಡೋಕೆ ಬಂದ ಸ್ನೇಹಿತರೆಲ್ಲ ಉತ್ತರ ಕೊಟ್ಟೂ ಕೊಟ್ಟೂ ಅವನನ್ನ ಸಾಯಿಸ್ತಿದ್ರು."

ಅಕ್ಕನ ವಾದ ಇಂಥದ್ದು. ಗೆಲ್ಲಲೂ ಬಿಡಳು, ಸೋಲಲೂ ಬಿಡಳು. ಆ ಅಧ್ಯಾಯವನ್ನು ಮತ್ತೊಮ್ಮೆ ಓದಿಸಿದಳು. ಎರಡನೇ ಸಲ ದನಿ ಚೆನ್ನಾಗಿ ಕೂತಿತು. ಬರೆದವನಿಗೆ ಗಂಟಲಿನ ಕಸುಬು ಗೊತ್ತಿತ್ತು, ಅದನ್ನು ಒಪ್ಪಬೇಕು.

ಫೆಬ್ರವರಿ 27, ಗುರುವಾರ

ಅಕ್ಕ ಆಪರೇಷನ್ನಿಗೆ ಒಪ್ಪಿದ್ದಾಳೆ. ತಾಲೀಮಿನಲ್ಲಿ ಸಾಹುಕಾರರು ನನ್ನ 'ತೊಲಗು' ಮೆತ್ತಗಾಯಿತೆಂದು ಐದಾರು ಸಲ ಹೇಳಿಸಿದರು.

"ಕೋಪ ಬರ್ಲಿ ಸಾರ್. ದೇವರಲ್ವಾ ನೀವು?"

ಕೋಪ ಬಂದಿತ್ತು. ಅದು ಬೇರೆ ಕಡೆ ತಿರುಗಿತ್ತು.

ಮಾರ್ಚ್ 5, ಬುಧವಾರ

ಕಟ್ಟು ಬಿಚ್ಚಿದರು. ಡಾಕ್ಟರಮ್ಮ ದೀಪ ತೋರಿಸಿ, "ಎಲ್ಲಿದೆ ಹೇಳಿ," ಎಂದರು. ಅಕ್ಕ ನೇರ ಮುಂದೆ ನೋಡುತ್ತ ಕೂತಿದ್ದಳು.

"ಹಚ್ಚಿದ್ದೀರಾ?" ಎಂದಳು.

ಅಷ್ಟೂ ಹೋಯಿತು.

ಹೊರಗೆ ಬಂದು ಲಿಫ್ಟು ಹತ್ತಿದೆವು. ಬಾಗಿಲು ಮುಚ್ಚುವಾಗ ತಲೆಯ ಮೇಲಿಂದ ನನ್ನದೇ ದನಿ, ಜೇನು ಸವರಿದ ಹಾಗೆ, "ನಾವೀಗ ಕೆಳಗೆ ಹೋಗುತ್ತಿದ್ದೇವೆ" ಎಂದಿತು. ನನಗೆ ಗೋಡೆಗೆ ಗುದ್ದಬೇಕೆನಿಸಿತು. ಅಕ್ಕನಿಗೆ ನಗು. ಗೋಡೆ ಹಿಡಿದುಕೊಂಡು ನಕ್ಕಳು.

"ನೀನು ಇಷ್ಟು ಮರ್ಯಾದೆಯಿಂದ ಮಾತಾಡಿದ್ದು ಕೇಳಿ ಎಷ್ಟು ಕಾಲ ಆಯ್ತೋ," ಎಂದಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ.

ಮಾರ್ಚ್ 6, ಗುರುವಾರ

ಏನೂ ಇಲ್ಲ.

ಮಾರ್ಚ್ 9, ಭಾನುವಾರ

ನಾಟಕಕ್ಕೆ ಬರುವುದಿಲ್ಲವೆಂದು ಹೇಳಿ ಕಳಿಸಿದ್ದೆ. ಅಕ್ಕನಿಗೆ ತಿಳಿದು ಬೈದಳು. ಹೌದು, ಜೋರಾಗಿ. ಕಾನೂನು ಮಾಡಿದವಳಿಗೆ ಅನ್ವಯಿಸುವುದಿಲ್ಲ.

ಮಧ್ಯಾಹ್ನ ಕಂಡಕ್ಟರ್ ಹುಡುಗಿ ಅಕ್ಕನನ್ನು ನೋಡಲು ಬಂದಳು. ಪಾಳಿ ಮುಗಿಸಿ ಬಂದಿದ್ದಳು, ಹೆಗಲಲ್ಲಿ ಚರ್ಮದ ಚೀಲ ಇನ್ನೂ ಹಾಗೇ ಇತ್ತು. ಅಕ್ಕನೇ ಹೆರಿಗೆ ಮಾಡಿಸಿದ ಮಗುವಂತೆ ಅವಳು.

"ನಾಟಕ ಹೇಗೆ ನಡೀತಿದೆ ಮಗಳೇ?"

"ನಡೀತಿದೆ ಆಂಟಿ. ನಾನು ಓಡೋದು, ಅವರು ಅಟ್ಟೋದು."

"ಬೇಜಾರಾಗಲ್ವಾ?"

"ಬಸ್ಸಲ್ಲಿ ಎಂತೆಂಥ ಮಾತೋ ಕೇಳಿರ್ತೀನಿ. ನನಗೇನಿಲ್ಲ." ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು. "ಟಾರ್ಚು ಹಿಡಿಯೋ ಮಕ್ಕಳಲ್ಲಿ ನಮ್ಮಕ್ಕನ ಮಗಳಿದಾಳೆ. ನನ್ನ ಥರಾನೇ ಕಪ್ಪು. ಬೆಳಕಿನ ಮಗು ಅಲ್ವಾ, ಅವಳ ಮುಖಕ್ಕೆ ಮಾತ್ರ ಬಿಳಿ ಪೌಡರ್ ಬಳೀತಾರಂತೆ. ಮೊನ್ನೆ ಕನ್ನಡಿ ಮುಂದೆ ನಿಂತು, ಚಿಕ್ಕಮ್ಮಾ, ಆಮೇಲೆ ಇದನ್ನ ತೊಳೀಲೇಬೇಕಾ ಅಂತ ಕೇಳಿದ್ಳು."

ಹುಡುಗಿ ಹೋದ ಮೇಲೆ ಅಕ್ಕ ನನ್ನ ಕಡೆಗೆ, ಅಂದರೆ ನಾನಿರುವೆನೆಂದು ಅವಳು ಅಂದುಕೊಂಡ ಕಡೆಗೆ ತಿರುಗಿದಳು.

"ನಾನೀಗ ಆ ಕತ್ತಲೆಯೊಳಗೇ ಇದೀನಿ ಕಣೋ. ನೀನು ಮೈಕಲ್ಲಿ ತೊಲಗು ಅಂದ್ರೆ, ನಾನೆಲ್ಲಿಗೆ ಹೋಗ್ಲಿ?"

ಆಮೇಲೆ ಬೈಬಲ್ಲಿನಲ್ಲಿ ಪ್ರವಾದಿ ಯೆಶಾಯನ ಪುಸ್ತಕದಲ್ಲಿ ಒಂದು ಕಡೆ ತೆರೆಸಿ ಓದಿಸಿದಳು. ಬೆಳಕನ್ನು ಮಾಡಿದವನು ನಾನು, ಕತ್ತಲೆಯನ್ನು ಮಾಡಿದವನೂ ನಾನೇ ಎಂದು ದೇವರು ಅಲ್ಲಿ ಖಡಾಖಂಡಿತವಾಗಿ ಹೇಳುತ್ತಾನೆ. ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ನಮ್ಮ ಕಂಪನಿಯಲ್ಲಿ ಇಂಥ ಮಾಲೀಕನೊಬ್ಬನಿದ್ದಿದ್ದರೆ ನನ್ನ ಕೆಲಸ ಹೋಗುತ್ತಿರಲಿಲ್ಲ.

ನಾಳೆಯಿಂದ ತಾಲೀಮಿಗೆ ಹೋಗುತ್ತೇನೆ. ಅಕ್ಕನ ಬಾಯಿಗೆ ಹೆದರಿ, ಬೇರೇನಿಲ್ಲ.

ಮಾರ್ಚ್ 16, ಭಾನುವಾರ

ಅಕ್ಕ ಮನೆಯನ್ನು ಕೈಯಿಂದ ಕಲಿಯುತ್ತಿದ್ದಾಳೆ. ಕುರ್ಚಿ ಒಂದಿಷ್ಟು ಸರಿದರೂ ಮೊಣಕಾಲಿಗೆ ಪೆಟ್ಟು. ನಾನು ಎಲ್ಲವನ್ನೂ ಇದ್ದಲ್ಲೇ ಇಡುವುದನ್ನು ಕಲಿಯುತ್ತಿದ್ದೇನೆ. ಹೆಂಡತಿ ಕೇಳಿದರೆ ನಂಬಲಿಕ್ಕಿಲ್ಲ.

ನಿನ್ನೆ ಅವಳು ಒಲೆಯ ಮುಂದೆ ನಿಂತು, ನಾನು ಒಳಗೆ ಬಂದದ್ದು ತಿಳಿಯದೆ, ಮೆಲ್ಲಗೆ, "ಹೆದರಿಕೆ ಆಗ್ತಿದೆ," ಎಂದಳು. ಯಾರಿಗೆ ಹೇಳಿದಳೋ. ನಾನಂತೂ ಕೆಮ್ಮಿ ಒಳಗೆ ಹೋದೆ. ಲೋಟ ತೊಳೆದೆ. ತೊಳೆದಿದ್ದ ಲೋಟವನ್ನೇ.

ಮಾರ್ಚ್ 23, ಭಾನುವಾರ

ನಿನ್ನೆ ಸಂಜೆ ನಾಟಕವಾಯಿತು. ಊರಿನಲ್ಲಿ ಇನ್ನು ನನಗೆ ದೇವರ ಕೆಲಸ ಸಿಗುವುದಿಲ್ಲ.

ರಂಗದ ಪಕ್ಕದ ಸಾಮಾನಿನ ಕೋಣೆಯಲ್ಲಿ ನನ್ನನ್ನು ಕೂರಿಸಿದ್ದರು. ಎದುರಿಗೆ ಮೈಕು, ಪರದೆಯಲ್ಲಿ ಇಣುಕಲು ಒಂದು ಸಂದು. ಮೊದಲ ಸಾಲಿನ ತುದಿಯಲ್ಲಿ ಅಕ್ಕ ಕೂತದ್ದು ಕಾಣುತ್ತಿತ್ತು. 'ಬೆಳಕಾಗಲಿ' ಎಂದೆ. ಆಯಿತು. ಜನ ಕಣ್ಣು ಮುಚ್ಚಿಕೊಳ್ಳುವಷ್ಟು ಆಯಿತು. ಅಕ್ಕ ಒಬ್ಬಳೇ ರೆಪ್ಪೆ ಮಿಟುಕಿಸದೆ ಕೂತಿದ್ದಳು. ಬ್ಯಾನರ್ ಹೊಳೆಯಿತು. ನಡುವೆ ಕರಿಯ ಬಟ್ಟೆ ಹೊದ್ದ ಹುಡುಗಿ. ಬಿಳಿ ಬಟ್ಟೆಯ ಮಕ್ಕಳು ಟಾರ್ಚು ಎತ್ತಿ ನನ್ನ ಮಾತಿಗೆ ಕಾದರು. ಪೌಡರ್ ಬಳಿದ ಪುಟ್ಟವಳು ಎಲ್ಲರಿಗಿಂತ ಮುಂದಿದ್ದಳು.

ನಾನು ಬಾಯಿ ತೆರೆದೆ. 'ತೊಲಗು' ಬರಲಿಲ್ಲ.

"ಬೆಳಕನ್ನು ಮಾಡಿದವನು ನಾನು," ಎಂದೆ. "ಕತ್ತಲೆಯನ್ನು ಮಾಡಿದವನೂ ನಾನೇ. ನಿನ್ನ ಹೆಸರು ರಾತ್ರಿ. ನಿನ್ನ ಜಾಗದಲ್ಲಿ ನಿಲ್ಲು."

ಹುಡುಗಿ ಓಡಲು ಎತ್ತಿದ ಕಾಲನ್ನು ಇಳಿಸಿದಳು. ಮಕ್ಕಳು ಟಾರ್ಚು ಹಿಡಿದು ಪಿಳಿಪಿಳಿ ನೋಡಿದರು. ಅಷ್ಟರಲ್ಲಿ ಸಾಹುಕಾರರು ಕೋಣೆಗೆ ನುಗ್ಗಿ ಬಂದರು. ಮೈಕು ತೆರೆದಿದೆಯೆಂಬ ಅರಿವಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು.

"ತೊಲಗು ಅನ್ರೀ. ನಾಟಕ ಬರೆದೋನು ನಾನು," ಎಂದರು. ಇಡೀ ಹಾಲ್ ಕೇಳಿತು.

ನಾನು ಮೈಕಿನ ಕಡೆಗೇ ಮುಖ ಮಾಡಿ, ಅತ್ಯಂತ ದೊಡ್ಡ ದನಿಯಲ್ಲಿ ಕೇಳಿದೆ, "ನಾನು ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ?"

ಆಮೇಲೆ ಮೊದಲ ಸಾಲಿನ ತುದಿಯಿಂದ ನಗು ಕೇಳಿಸಿತು. ನನಗೆ ಗೊತ್ತಿದ್ದ ನಗು. ಅದು ಹಿಂದಿನ ಸಾಲುಗಳಿಗೆ ಹಬ್ಬಿತು. ನಗು ಇಳಿಯುವ ಹೊತ್ತಿಗೆ ಹುಡುಗಿ ಹಾಡತೊಡಗಿದ್ದಳು. ಯಾರೂ ಹೇಳಿರಲಿಲ್ಲ. ಕತ್ತಲೆಯೂ ನಿನಗೆ ಹಗಲಿನಂತೆಯೇ ಎನ್ನುವ ಕೀರ್ತನೆ. ತಂಡದವರು ಒಬ್ಬೊಬ್ಬರಾಗಿ ಸೇರಿಕೊಂಡರು. ಪುಟ್ಟವಳು ಟಾರ್ಚು ಆರಿಸಿ, ಹೋಗಿ ಚಿಕ್ಕಮ್ಮನ ಬಟ್ಟೆಯೊಳಗೆ ನುಸುಳಿ ನಿಂತಳು. ಪೌಡರೆಲ್ಲ ಕರಿಯ ಬಟ್ಟೆಗೆ ಹತ್ತಿತು.

ಆಮೇಲೆ ಆಗಬೇಕಾದ್ದು ಆಯಿತು. ಸಾಹುಕಾರರು ನನ್ನನ್ನು ನಾಸ್ತಿಕ, ದ್ರೋಹಿ ಎಂದರು. ಮೊದಲನೆಯದು ನಿಜ. ಚರ್ಚಿಗೆ ಇನ್ನು ಒಂದು ಬಲ್ಬೂ ಕೊಡುವುದಿಲ್ಲವೆಂದು ದೀಪಗಳನ್ನು ಬಿಚ್ಚಿಸತೊಡಗಿದರು. ಪಾದ್ರಿ ನನ್ನನ್ನು ಗೇಟಿನವರೆಗೆ ಬಿಟ್ಟು ಬರುವ ನೆಪದಲ್ಲಿ ಬಂದು, ಸುತ್ತ ನೋಡಿ, ಮೆಲ್ಲಗೆ ಹೇಳಿದರು.

"ನೀವು ಬೈಬಲ್ಲಲ್ಲಿ ಇರೋದನ್ನೇ ಹೇಳಿದ್ರಿ. ಅದೇ ತೊಂದರೆ ಆಗಿದ್ದು."

ಇದನ್ನು ಯಾರೂ ಭಕ್ತಿಯೆಂದು ತಿಳಿಯಬಾರದು, ಮುಖ್ಯವಾಗಿ ನಾನು. 'ತೊಲಗು' ಎಂಬುದು ಬಾಯಲ್ಲಿ ನಿಲ್ಲದ ಪದ, 'ಗು' ಮೈಕಿನಲ್ಲಿ ಒಡೆಯುತ್ತದೆ. ಕಸುಬಿನವನಾಗಿ ಅದನ್ನು ಬದಲಾಯಿಸಿದೆ, ಅಷ್ಟೇ.

ದಾರಿಯುದ್ದಕ್ಕೂ ಅಕ್ಕ ನನ್ನ ತೋಳು ಹಿಡಿದುಕೊಂಡಿದ್ದಳು. ಮೆಟ್ಟಿಲು ಬಂದಲ್ಲಿ ನಾನು 'ಮೆಟ್ಟಿಲು' ಎಂದೆ, ಅವಳು ಇಳಿದಳು. ಮೆಚ್ಚಿ ಒಂದು ಮಾತನ್ನೂ ಆಡಲಿಲ್ಲ.

ಏಪ್ರಿಲ್ 2, ಬುಧವಾರ

ಕಂಪನಿಯಿಂದ ಫೋನು. ಅವರ ಯಂತ್ರಕ್ಕೆ ಎಲ್ಲವೂ ಬರುತ್ತದಂತೆ, ಬೈಯುವುದು ಮಾತ್ರ ಬರುವುದಿಲ್ಲವಂತೆ. ಬೈದರೂ ಬೇಡಿಕೊಂಡ ಹಾಗೆ ಕೇಳುತ್ತದಂತೆ. ಒಂದು ಧಾರಾವಾಹಿಗೆ ಸಿಡುಕು ಮಾವನ ದನಿ ಬೇಕಂತೆ, ಬೆಳಿಗ್ಗೆಯೇ ಬರಬೇಕಂತೆ. ಬೆಳಿಗ್ಗೆ ಆಗುವುದಿಲ್ಲ, ಮಧ್ಯಾಹ್ನದ ಮೇಲೆ ನೋಡೋಣ ಎಂದೆ. ಬೆಳಿಗ್ಗೆ ಏನು ಕೆಲಸ ಎಂದು ಕೇಳಿದರು. ಇದೆ ಎಂದೆ.

ಬೆಳಿಗ್ಗೆ ಅಕ್ಕ ಕಿಟಕಿಯ ಬಳಿ ಕೂರುತ್ತಾಳೆ. "ಏನಿದೆ ಇವತ್ತು?" ಎನ್ನುತ್ತಾಳೆ. ನೋಡಿದ್ದನ್ನು ಹೇಳಬೇಕು. ಹೊಸದೇನಿಲ್ಲ ಎಂದರೆ ಕೇಳುವವಳಲ್ಲ. ಇವತ್ತೂ ಶುರು ಮಾಡಿದೆ. ಎದುರು ಮನೆಯ ಮುದುಕ ಲುಂಗಿ ಒಣಹಾಕುತ್ತಿದ್ದಾನೆ. ಹಾಲಿನವನ ಸೈಕಲ್ಲಿಗೆ ಹೊಸ ಬೆಲ್ಲು ಬಂದಿದೆ, ಬೇಕೆಂದೇ ಬಾರಿಸುತ್ತಿದ್ದಾನೆ. ಒಂದು ಬೆಕ್ಕು ಕಾರಿನ ಮೇಲೆ ಕೂತು ಊರಿನ ಮೇಯರನಂತೆ ನೋಡುತ್ತಿದೆ. ಬಿಸಿಲು ಇನ್ನೂ ಮೇಲಿನ ಮಹಡಿಯಲ್ಲಿದೆ, ರಸ್ತೆಗೆ ಇಳಿದಿಲ್ಲ. ಬಸ್ಸು ನಿಂತಿದೆ. ಗೋಡೆಯ ಪಕ್ಕದ ಮರದಲ್ಲಿ ಹಳದಿ ಹೂವು ಬಿಟ್ಟು ಕೆಳಗೆಲ್ಲ ಉದುರಿದೆ.

"ತಡಿ," ಎಂದಳು ಅಕ್ಕ. "ಆ ಗೋಡೆ ಪಕ್ಕ ಮರ ಎಲ್ಲಿತ್ತೋ? ನಾನೇನು ಹುಟ್ಟು ಕುರುಡಿನಾ?"

ಸಿಕ್ಕಿಬಿದ್ದೆ. ಅಲ್ಲಿ ಬರೀ ಗೋಡೆ, ಗೋಡೆಯ ಮೇಲೆ ಹರಿದ ಪೋಸ್ಟರು.

"ಈಗಷ್ಟೇ ಬಂತು," ಎಂದೆ.

ಅಕ್ಕ ಆ ಕಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ಕೂತಳು.

"ಇರ್ಲಿ ಬಿಡು," ಎಂದಳು. "ಚೆನ್ನಾಗಿದೆ."